ಅಂಚಿಗೆ ಸರಿದ ಹಲ್ಲಿನ ಗುರುತು

ಸ್ಯಾಕ್ಸೋಫೋನಿನ ಒಳಗೆ ಇಳಿಬಿಡುವ ದೀಪ ನಮ್ಮ ಅಂಗಡಿಯಲ್ಲಿ ಒಂದೇ ಇತ್ತು. ತೆಳ್ಳಗೆ, ಹಗ್ಗದ ಹಾಗೆ ಬಾಗುವಂಥದು. ಕಿಟಕಿಯ ಪರದೆ ಎಳೆದು, ಅದನ್ನು ಕೊಳವೆಯೊಳಕ್ಕೆ ಇಳಿಸಿ, ಒಂದೊಂದೇ ಕೀಲಿ ಒತ್ತಿ ನೋಡಬೇಕು. ತೂತು ಮುಚ್ಚಿದ ಪ್ಯಾಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಭಾವನ ವಾದ್ಯದಲ್ಲಿ ಆ ದಿನ ಎಲ್ಲಿಯೂ ಬೆಳಕು ಕಾಣಲಿಲ್ಲ. ಎರಡು ಸಲ ನೋಡಿದೆ. ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲದ್ದರಿಂದ ಮೂರನೆಯ ಸಲವೂ ನೋಡಿದೆ.

"ಏನಂತೆ ಡಾಕ್ಟರಮ್ಮ, ರೋಗಿ ಬದುಕ್ತಾನಾ?" ಎಂದರು ಭಾವ, ಮೇಜಿನ ಆಚೆಯಿಂದ ಬಗ್ಗಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಂಜೆ ತರಗತಿಗೆ ಸೇರಿ ವಾದ್ಯ ರಿಪೇರಿ ಕಲಿಯುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ನಗದೆ ಇದ್ದವರು ಅವರೊಬ್ಬರೇ. ತರಗತಿ ಮುಗಿದ ವಾರವೇ, ವರ್ಷಗಟ್ಟಲೆ ಬೇರೆ ಯಾರ ಕೈಗೂ ಕೊಡದಿದ್ದ ತಮ್ಮ ಟೆನರ್ ಸ್ಯಾಕ್ಸೋಫೋನನ್ನು ತಂದು ನನ್ನ ಮುಂದೆ ಇಟ್ಟು, "ಕೊಂದ್ರೂ ನೀನೇ, ಉಳಿಸಿದ್ರೂ ನೀನೇ" ಎಂದಿದ್ದರು. ಅಂದಿನಿಂದ ಡಾಕ್ಟರಮ್ಮ ಎಂದು ಕರೆಯತೊಡಗಿದರು.

"ಎಲ್ಲೂ ಸೋರ್ತಿಲ್ಲ ಭಾವ" ಎಂದೆ.

"ಸೋರದೆ ಹೆಂಗೆ? ತಳದ ಸ್ವರ ಹಿಡಿದ್ರೆ ಗುಳುಗುಳು ಅನ್ನುತ್ತೆ, ಪಕ್ಕದಲ್ಲಿ ಉಸ್ಸಂತ ಗಾಳಿ. ನಾನು ನುಡಿಸ್ತಿದೀನೋ, ಸೈಕಲ್ ಪಂಚರ್ ಆಗಿದೆಯೋ ಅಂತ ಪಕ್ಕದ ಕುರ್ಚಿಯವನು ಬಗ್ಗಿ ನೋಡ್ತಾನೆ."

ತಳದ ಸ್ವರ ಅವರ ಹೆಮ್ಮೆ. ಸ್ಯಾಕ್ಸೋಫೋನಿನ ಎಲ್ಲ ಕೀಲಿಗಳನ್ನೂ ಮುಚ್ಚಿದಾಗ ಬರುವ ಅತಿ ಕೆಳಗಿನ ಸ್ವರ ಅದು. ಕೊನೆಯ ಕೀಲಿಯನ್ನು ಎಡಗೈ ಕಿರುಬೆರಳು ಮುಚ್ಚಬೇಕು. ನಾಟಕಮಂದಿರದ ವಾದ್ಯವೃಂದದಲ್ಲಿ ಭಾವನದು ಮೊದಲ ಕುರ್ಚಿ, ಮುಖ್ಯ ವಾದಕರ ಜಾಗ. ಪರದೆ ಏಳುವ ಮುಂಚೆ ಅವರೊಬ್ಬರೇ ಒಂದು ಸಣ್ಣ ಆಲಾಪ ನುಡಿಸಿ, ಕೊನೆಗೆ ಆ ಸ್ವರಕ್ಕೆ ಇಳಿದು ಎಂಟು ಎಣಿಕೆ ಹಿಡಿಯುತ್ತಿದ್ದರು. ಸದ್ದು ನಾವು ಕೂತ ಹಲಗೆಯ ಕೆಳಗಿನಿಂದ ಬಂದಂತಿರುತ್ತಿತ್ತು.

ಸದ್ದು ಕೆಟ್ಟರೆ ಎಲ್ಲಿ ಹುಡುಕಬೇಕು ಎಂಬುದಕ್ಕೆ ತರಗತಿಯ ಮೇಷ್ಟ್ರು ಆರು ಸಾಲು ಬರೆಸಿದ್ದರು: ರೀಡ್, ಮೌತ್‌ಪೀಸ್, ಕುತ್ತಿಗೆಯ ಕಾರ್ಕ್, ಪ್ಯಾಡ್, ಸ್ಪ್ರಿಂಗ್, ನುಡಿಸುವವರು. ನಾವು ಅಂಗಡಿಯಲ್ಲಿ ತುಂಬುವ ಕೆಲಸದ ಚೀಟಿಯಲ್ಲಿ ಐದೇ ಇದ್ದವು. ಆರನೆಯದನ್ನು ಅಂಗಡಿಯ ಯಜಮಾನರು ತೆಗೆಸಿಬಿಟ್ಟಿದ್ದರು. "ತಪ್ಪು ನಿಮ್ಮ ಬಾಯಲ್ಲಿದೆ ಅಂತ ಬರೆದುಕೊಟ್ರೆ ಯಾವ ಗಿರಾಕಿ ಮತ್ತೆ ಬರ್ತಾನಮ್ಮ? ವಾದ್ಯ ರಿಪೇರಿ ಮಾಡು, ಮನುಷ್ಯರನ್ನಲ್ಲ" ಎಂಬುದು ಅವರ ಮಾತು. ಅದರಲ್ಲಿ ನನಗೆ ತಪ್ಪೇನೂ ಕಂಡಿರಲಿಲ್ಲ. ಇನ್ನೊಬ್ಬರ ಬಾಯಿ, ಬೆರಳುಗಳ ಬಗ್ಗೆ ಮಾತಾಡಲು ನಾನು ಯಾರು?

ಮೊದಲ ಚೀಟಿಯಲ್ಲಿ ಬರೆದೆ: ಸೋರಿಕೆ ಇಲ್ಲ. ರೀಡ್ ಗಟ್ಟಿಯಾಯಿತು. ಮೂರನೆಯ ನಂಬರಿನದನ್ನು ತೆಗೆದು ಎರಡೂವರೆಯದು ಹಾಕಿದೆ. ಮೌತ್‌ಪೀಸಿಗೆ ಬಿಗಿಯುವ ಈ ಬೆತ್ತದ ಸೀಳು ನಂಬರು ಇಳಿದಷ್ಟೂ ಮೆತ್ತಗೆ; ಕಡಿಮೆ ಗಾಳಿಗೂ, ಸಡಿಲ ತುಟಿಗೂ ಅದರುತ್ತದೆ. ಮೌತ್‌ಪೀಸಿನ ಮೇಲೆ ಹಲ್ಲು ಜಾರದಿರಲೆಂದು ಅಂಟಿಸುವ ಸಣ್ಣ ರಬ್ಬರ್ ಪಟ್ಟಿ ಸವೆದಿತ್ತು, ಅದನ್ನೂ ಬದಲಿಸಿದೆ. ತೆಗೆದ ಪಟ್ಟಿಯನ್ನು, ಬಾಯಿಗಿಡುವ ತುದಿ ಮೇಲೆ ಬರುವಂತೆ, ಚೀಟಿಯ ಹಿಂಬದಿಗೆ ಅಂಟಿಸಿಟ್ಟೆ. ಇದು ನನ್ನದೊಂದು ಅಭ್ಯಾಸ. ನಾಳೆ ಯಾರಾದರೂ "ಬದಲಾಯಿಸಲೇ ಇಲ್ಲ" ಎಂದರೆ ತೋರಿಸಬೇಕಲ್ಲ. ಇದುವರೆಗೆ ಯಾರೂ ಅಂದಿಲ್ಲ. ಯಜಮಾನರು ಮಾತ್ರ "ಉಗುರು ಕತ್ತರಿಸಿದ್ರೂ ಅಂಟಿಸಿಡ್ತೀಯೇನೋ" ಎಂದು ನಗುತ್ತಿದ್ದರು.

ಭಾವ ಅಲ್ಲೇ ನಿಂತು ನುಡಿಸಿ ನೋಡಿದರು. ತಳದ ಸ್ವರ ಬಂತು. ದುಂಡಗೆ, ತುಂಬಿಕೊಂಡು ಬಂತು. ಗೋಡೆಗೆ ತೂಗುಹಾಕಿದ್ದ ಕೊಳಲುಗಳು ಮೆಲ್ಲಗೆ ಝೇಂಕರಿಸಿದವು.

"ಬದುಕಿಸಿಬಿಟ್ಟೆಯಲ್ಲೇ!" ಎಂದು ನನ್ನ ತಲೆ ಮುಟ್ಟಿ ಹೋದರು. ಆ ದಿನವೆಲ್ಲ ನನ್ನ ಕಾಲು ನೆಲ ಮುಟ್ಟಿದ ನೆನಪಿಲ್ಲ.

ಆರು ವಾರದ ಮೇಲೆ ಮತ್ತೆ ಬಂದರು. ಈ ಸಲ ಕಿರುಬೆರಳಿನ ಕೀಲಿ.

"ಇದಕ್ಕೆ ಯಾರೋ ಕಲ್ಲು ಕಟ್ಟಿದಾರೆ ಕಣೇ. ಒತ್ತಿದ್ರೆ ಇಳಿಯೋದೇ ಇಲ್ಲ."

ಸ್ಪ್ರಿಂಗಿನ ಬಿಗಿಯನ್ನು ಅಳೆಯುವ ಸಣ್ಣ ಸಲಕರಣೆ ಇಟ್ಟು ನೋಡಿದೆ. ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇತ್ತು. ನಾನು ಹಾಗೆಂದೆ. ಯಜಮಾನರು ಒಳಗಿನಿಂದಲೇ, "ಗಿರಾಕಿಗೆ ಗಟ್ಟಿ ಅನ್ನಿಸಿದ್ರೆ ಗಟ್ಟಿನೇ. ಸಡಿಲ ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಅಳತೆಯನ್ನು ಮಾತ್ರ ಚೀಟಿಯಲ್ಲಿ ಬರೆದಿಟ್ಟೆ, ಹಳೆಯದು ಇಷ್ಟು, ಹೊಸದು ಇಷ್ಟು ಎಂದು. ಪಟ್ಟಿ ಬದಲಿಸಿದೆ, ಹಳೆಯದನ್ನು ಅಂಟಿಸಿದೆ.

ಹೊರಡುವಾಗ ನಾನೇ ಒಂದು ಬುದ್ಧಿಮಾತು ಹೇಳಿದೆ. ಹೇಳಬಾರದಿತ್ತೇನೋ. "ಭಾವ, ಸದ್ದಿನ ಪಕ್ಕ ಇನ್ನೂ ಸ್ವಲ್ಪ ಗಾಳಿ ಕೇಳಿಸ್ತಿದೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಒಂದೊಂದೇ ಸ್ವರ ಉದ್ದಕ್ಕೆ ಹಿಡೀರಿ. ತುಟಿಯ ಎರಡೂ ಮೂಲೆ ಸಮವಾಗಿ ಬಿಗಿದಿರಬೇಕು. ಒಂದು ಮೂಲೆ ಬಿಟ್ರೂ ಗಾಳಿ ಅಲ್ಲಿಂದ ಹೋಗುತ್ತೆ."

"ನನಗೇ ಪಾಠ!" ಎಂದು ನಕ್ಕರು. ಆದರೆ ಮಾಡಿದರು. ಮುಂದಿನ ಭಾನುವಾರ ಅವರ ಮನೆಗೆ ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ದೂರುತ್ತಿದ್ದಳು. ಅವಳು ನಾಟಕದವರ ಉಡುಪು ಹೊಲಿಯುತ್ತಾಳೆ. ಅವಳ ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಇರುತ್ತವೆ, ಅವುಗಳ ನಡುವಿನಿಂದಲೇ ಮಾತಾಡುತ್ತಾಳೆ.

"ಬೆಳಿಗ್ಗೆ ಎದ್ದು ಒಂದು ಗಂಟೆ ಕನ್ನಡಿ ಮುಂದೆ! ಮದುವೆ ದಿನಾನೂ ಇಷ್ಟು ನೋಡ್ಕೊಂಡಿರಲಿಲ್ಲ. ಈ ವಯಸ್ಸಲ್ಲಿ ಯಾರನ್ನ ಒಲಿಸೋಕೆ ಅಂತ ನೀನೇ ಕೇಳು."

"ನಿನ್ನನ್ನೇ ಕಣೇ. ಇನ್ನೂ ಒಲಿದಿಲ್ವಲ್ಲ" ಎಂದರು ಭಾವ.

ಎಲ್ಲರೂ ನಕ್ಕೆವು. ಭಾವನ ನಗು ಬಲಗಡೆಯಿಂದ ಶುರುವಾಗಿ ಅಲ್ಲೇ ನಿಂತಂತಿತ್ತು. ನಾನು ಅದನ್ನು ನೋಡಿದೆ. ತುಂಟ ನಗು ಎಂದುಕೊಂಡೆ.

ಮೂರನೆಯ ಸಲ ಬಂದದ್ದು ಸದ್ದು ತೆಳುವಾಯಿತು ಎಂದು. ಆಗಲೇಬೇಕು, ಮೆತ್ತನೆಯ ರೀಡಿನ ಸದ್ದಿಗೆ ಮೈ ಕಡಿಮೆ. ಅದನ್ನು ಹೇಳಿದೆ. ಮತ್ತೆ ಗಟ್ಟಿಯ ರೀಡ್ ಹಾಕೋಣವೇ ಎಂದೆ. "ಬೇಡ ಬೇಡ" ಎಂದರು, ಬಹಳ ಬೇಗ. "ಇನ್ನೂ ಸ್ವಲ್ಪ ಮೆತ್ತಗಿರೋದೇ ಕೊಡು. ಮೈ ಬರೋಕೆ ಬೇರೆ ಏನಾದ್ರೂ ಮಾಡು. ನಿನಗೆ ಬರದೇ ಇರೋದು ಏನಿದೆ?" ಹೊಗಳಿಕೆಗೆ ನಾನು ಸೋಲುತ್ತೇನೆ. ಎರಡನೆಯ ನಂಬರಿನ ರೀಡ್ ಹಾಕಿ, ಸದ್ದು ದಪ್ಪಗಾಗಲೆಂದು ಒಳಗೆ ಅಗಲವಾಗಿದ್ದ ಬೇರೆ ಮೌತ್‌ಪೀಸು ಹೊಂದಿಸಿದೆ. ಎರಡು ದಿನ ಹಿಡಿಯಿತು. ನಾನು ಮಾಡಿದ ಕೆಲಸಗಳಲ್ಲೆಲ್ಲ ಅದು ಚೊಕ್ಕದಾದದ್ದು.

ಆ ತಿಂಗಳು ಅವರ ಮನೆಗೆ ಹೋದಾಗ ಬಚ್ಚಲಿನ ಪಕ್ಕದ ಗೋಡೆಯಲ್ಲಿ ಕನ್ನಡಿ ಇರಲಿಲ್ಲ. ಮೊಳೆ ಇತ್ತು, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ ಇತ್ತು.

"ಬಿರುಕು ಬಿಟ್ಟಿತ್ತು, ತೆಗೆದೆ" ಎಂದರು ಭಾವ. ಆದರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಕನ್ನಡಿಯನ್ನು ನಾನು ಕೈ ತೊಳೆಯುವಾಗ ತಿರುಗಿಸಿ ನೋಡಿದೆ. ಬಿರುಕಿರಲಿಲ್ಲ. ಮತ್ತೆ ಹಾಗೇ ತಿರುಗಿಸಿಟ್ಟೆ. ಯಾಕೆ ಕೇಳಲಿಲ್ಲ ಎಂದು ಈಗ ಹೇಳಲಾರೆ. ಅವರ ಎಡಗೆನ್ನೆಯಲ್ಲಿ ಕ್ಷೌರದ ಕತ್ತಿ ತಪ್ಪಿಸಿದ ಗಡ್ಡದ ಒಂದು ಪಟ್ಟೆ ಉಳಿದಿತ್ತು. ಕಾಫಿ ಕುಡಿಯುವಾಗ ಎಡಮೂಲೆಯಿಂದ ಒಂದು ಹನಿ ಅಂಗಿಯ ಮೇಲೆ ಬಿತ್ತು. ಅವರಿಗೆ ಗೊತ್ತಾಗಲಿಲ್ಲ.

"ಎಳೇ ಮಗು ಆಗಿಬಿಟ್ಟಿದಾರೆ ನೋಡು" ಎಂದು ಅಕ್ಕ ಬಟ್ಟೆಯ ಚೂರಿನಿಂದ ಒರೆಸಿದಳು. "ಎದೆಗೊಂದು ಬಿಬ್ ಹೊಲಿದುಕೊಡ್ತೀನಿ."

ನಾಲ್ಕನೆಯ ಚೀಟಿ: ಎಡಗೈಯ ಕೀಲಿಗಳನ್ನೆಲ್ಲ ಬೆರಳಿಗೆ ಹತ್ತಿರ ತಗ್ಗಿಸಿದ್ದು. ಕಿರುಬೆರಳಿನ ಸ್ಪ್ರಿಂಗನ್ನು ಇನ್ನೂ ಸಡಿಲಿಸಿದ್ದು. ರೀಡ್ ಒಂದೂವರೆ. ಕಲಿಯಲು ಬರುವ ಮಕ್ಕಳಿಗೆ ಕೊಡುವ ರೀಡ್ ಅದು. ಅದನ್ನು ಕೊಡುವಾಗ ನನಗೆ ನಾಚಿಕೆಯಾಯಿತು, ಅವರಿಗೂ ಆಗಿರಬೇಕು. ಪೆಟ್ಟಿಗೆಯನ್ನು ನೋಡದೆ ಜೇಬಿಗೆ ಹಾಕಿಕೊಂಡರು. ಎಡಗೈಯಿಂದ ಹಾಕಿಕೊಳ್ಳಲು ಹೋಗಿ, ಜೇಬು ಸಿಗದೆ, ಬಲಗೈಗೆ ಬದಲಿಸಿದರು.

ಐದನೆಯ ಸಲ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆಯುವ ಮುಂಚೆ. ಮೊದಲ ಚೀಟಿಯಿಂದ ಆಗ ಏಳು ತಿಂಗಳು. ಭಾವ ಮೆಟ್ಟಿಲ ಮೇಲೆ ಕೂತಿದ್ದರು, ವಾದ್ಯದ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು.

"ಶುಕ್ರವಾರ ಹತ್ತು ಗಂಟೆಗೆ ನಮ್ಮ ವೃಂದದ ಹೊಸ ಮುಖ್ಯಸ್ಥ ಎಲ್ಲರನ್ನೂ ಕೂರಿಸಿ ನುಡಿಸೋದು ಕೇಳ್ತಾನಂತೆ" ಎಂದರು. "ಯಾರು ಯಾವ ಕುರ್ಚಿ ಅಂತ ಅವತ್ತೇ ತೀರ್ಮಾನ. ನನ್ನನ್ನ ಆಲಾಪಾನೇ ನುಡಿಸು ಅಂದಿದಾನೆ. ತಳದ ಸ್ವರ ಬರ್ತಿಲ್ಲ ಕಣೇ. ಒಟ್ಟಿಗೇ ಬರ್ತಿಲ್ಲ. ಏನಾದ್ರೂ ಮಾಡು."

"ಸ್ಪ್ರಿಂಗು ಇನ್ನು ಸಡಿಲ ಮಾಡೋಕಾಗಲ್ಲ ಭಾವ. ಮಾಡಿದ್ರೆ ಕೀಲಿ ಒತ್ತಿದಲ್ಲೇ ಬಿದ್ದಿರುತ್ತೆ, ಏಳಲ್ಲ."

"ಬಿದ್ದಿರಲಿ. ಅದೇ ಬೇಕು ನನಗೆ."

ಅವರು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾತಿನಲ್ಲೂ ಏನೋ ಇತ್ತು, ಬಾಯಲ್ಲಿ ಅಕ್ಕನ ಗುಂಡುಪಿನ್ನು ಇಟ್ಟುಕೊಂಡವರ ಹಾಗೆ. ಅವರು ಹೋದ ಮೇಲೆ ಪರದೆ ಎಳೆದೆ, ದೀಪ ಇಳಿಸಿದೆ. ಕೊಳವೆಯೊಳಗೆ ಪೂರ್ತಿ ಕತ್ತಲೆ, ಬೇಕಾದ ಹಾಗೆ. ಎಲ್ಲಿಯೂ ಬೆಳಕಿನ ಗೆರೆ ಇಲ್ಲ. ಈ ಸಲ ಅದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ.

ನಾನೇನೂ ದೊಡ್ಡ ವಾದಕಿಯಲ್ಲ; ಪರೀಕ್ಷೆಗೆ ಬೇಕಾದಷ್ಟು ಊದಬಲ್ಲೆ. ನನ್ನ ರೀಡ್ ಹಾಕಿ ತಳದ ಸ್ವರ ಹಿಡಿದೆ. ಮೊದಲ ಉಸಿರಿಗೇ ಬಂತು. ವಾದ್ಯ ಚೆನ್ನಾಗಿತ್ತು. ಎಲ್ಲ ಸಲವೂ ಚೆನ್ನಾಗಿಯೇ ಇತ್ತು.

ಚೀಟಿ ಬರೆಯಲು ಕೂತು, ಅಭ್ಯಾಸಬಲದಿಂದ ರಬ್ಬರ್ ಪಟ್ಟಿ ಕಿತ್ತು ಹಿಂಬದಿಗೆ ಅಂಟಿಸಿದೆ. ಸ್ಪ್ರಿಂಗಿನ ಹಿಂದಿನ ಅಳತೆ ನೋಡಬೇಕಿತ್ತು, ಹಳೆಯ ನಾಲ್ಕು ಚೀಟಿಗಳನ್ನು ಹೊರತೆಗೆದೆ. ಅವು ಮಗುಚಿ ಬಿದ್ದವು. ಐದೂ ಪಟ್ಟಿಗಳು ಮೇಜಿನ ಮೇಲೆ ಸಾಲಾಗಿ ಇದ್ದವು.

ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ಹಲ್ಲುಗಳ ಗುರುತು ನಟ್ಟನಡುವೆ. ಎರಡನೆಯದರಲ್ಲಿ ನಡುವಿನಿಂದ ಒಂದು ಕೂದಲು ಆಚೆ. ಮೂರನೆಯದರಲ್ಲಿ ಬರಿಗಣ್ಣಿಗೆ ಕಾಣುವಷ್ಟು. ನಾಲ್ಕನೆಯದರಲ್ಲಿ ಅಂಚಿನ ಹತ್ತಿರ. ಆಗಷ್ಟೇ ಕಿತ್ತದ್ದರಲ್ಲಿ ಒಂದು ಹಲ್ಲಿನ ಗುರುತು ಅಂಚಿನಾಚೆ ಹೋಗಿ, ಒಂದೇ ಉಳಿದಿತ್ತು, ಆಳವಾಗಿ, ಕಚ್ಚಿ ಹಿಡಿದವರ ಹಾಗೆ.

ಹಲ್ಲು ಎಲ್ಲಿಗೂ ಹೋಗುವುದಿಲ್ಲ. ಸರಿದದ್ದು ಮೌತ್‌ಪೀಸು. ಏಳು ತಿಂಗಳಿಂದ ಭಾವ ಅದನ್ನು ಸ್ವಲ್ಪ ಸ್ವಲ್ಪವೇ ಬಾಯಿಯ ಬಲಗಡೆಗೆ ತಳ್ಳಿಕೊಳ್ಳುತ್ತಿದ್ದರು, ಎಡಗಡೆಯ ತುಟಿ ಹಿಡಿಯುತ್ತಿರಲಿಲ್ಲವಾದ್ದರಿಂದ. ಚೀಟಿಗಳನ್ನು ತಿರುಗಿಸಿ ಓದಿದೆ. ನನ್ನದೇ ಅಕ್ಷರ. ಎಡಗೈ ಕಿರುಬೆರಳು. ಎಡಗೈ ಕೀಲಿಗಳು. ಎಡ, ಎಡ, ಎಡ. ಒಂದೊಂದು ಸಲ ಅವರ ಎಡಮೈ ಸೋತಾಗಲೂ, ಸೋತದ್ದು ಯಾರಿಗೂ ಕಾಣದಂತೆ ವಾದ್ಯವನ್ನು ತಿದ್ದಿಕೊಟ್ಟವಳು ನಾನು. ಮೊದಲ ದಿನವೇ ಸುಮ್ಮನೆ ವಾಪಸು ಕೊಟ್ಟಿದ್ದರೆ ಅವರು ಬೇರೆ ಎಲ್ಲಾದರೂ ಹೋಗಿ ತೋರಿಸುತ್ತಿದ್ದರು.

ಯಜಮಾನರಿಗೆ ಹೇಳಿದೆ. ಅವರು ಪಟ್ಟಿಗಳನ್ನು ಬಹಳ ಹೊತ್ತು ನೋಡಿದರು, ನಗಲಿಲ್ಲ.

"ಶುಕ್ರವಾರ ಮುಗೀಲಿ" ಎಂದರು. "ಇಪ್ಪತ್ತೆರಡು ವರ್ಷದ ಕುರ್ಚಿ. ಮೂರು ದಿನದಲ್ಲಿ ಏನಾಗಿಬಿಡುತ್ತೆ?"

ಅದು ನನಗೂ ಗೊತ್ತಿರಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಯಂತ್ರದ ಸದ್ದಿನ ನಡುವೆ ಅವಳೆಂದಳು: "ಶುಕ್ರವಾರದ್ದು ತಲೆಬಿಸಿ ಕಣೇ ಅವರಿಗೆ. ಊಟ ಸೇರ್ತಿಲ್ಲ. ಬೆಳಿಗ್ಗೆ ತಲೆನೋವು ಅಂತಾರೆ. ನೀನು ವಾದ್ಯ ಬೇಗ ಸರಿಮಾಡಿಕೊಡು, ಎಲ್ಲ ಸರಿಹೋಗುತ್ತೆ." ಸಂಜೆ ಭಾವನೇ ಫೋನು ಮಾಡಿದಾಗ ಧೈರ್ಯ ಮಾಡಿ, "ಭಾವ, ಒಂದ್ಸಲ ಯಾರಾದ್ರೂ ಡಾಕ್ಟರಿಗೆ ತೋರಿಸಿ" ಎಂದೆ. "ನೀನಿದೀಯಲ್ಲ, ಡಾಕ್ಟರಮ್ಮ" ಎಂದು ಇಟ್ಟುಬಿಟ್ಟರು.

ಮಾತಿನಿಂದ ಆಗದು ಎನ್ನಿಸಿತು. ನನಗೆ ಬರುವುದು ಕೈಕೆಲಸವೊಂದೇ.

ಬುಧವಾರ ಇಡೀ ದಿನ ಕೂತು ನಾನು ಮಾಡಿದ್ದನ್ನೆಲ್ಲ ಬಿಚ್ಚಿದೆ. ಚೀಟಿಗಳಲ್ಲಿ ಅಳತೆ ಇತ್ತಲ್ಲ. ಕಿರುಬೆರಳಿನ ಸ್ಪ್ರಿಂಗನ್ನು ಹಳೆಯ ಬಿಗಿಗೆ ತಂದೆ. ತಗ್ಗಿಸಿದ್ದ ಕೀಲಿಗಳನ್ನು ಮೇಲೆತ್ತಿದೆ. ಅವರ ಹಳೆಯ ಮೌತ್‌ಪೀಸು, ಹೊಸ ಪಟ್ಟಿ, ಮೂರನೆಯ ನಂಬರಿನ ರೀಡ್. ಕೆಲಸ ಮುಗಿಯುವಷ್ಟರಲ್ಲಿ ಮೂರು ಸಲ ಕೈ ನಿಂತಿತು. ಇದು ಮೋಸವಲ್ಲವೇ? ನಾಳೆ ಒಂದು ದಿನ ಬಿಟ್ಟರೆ ಅವರ ಪರೀಕ್ಷೆ. ನನ್ನ ಊಹೆ ತಪ್ಪಾಗಿ, ಬರೀ ಹಲ್ಲುನೋವೋ ಬೆರಳಿನ ಉಳುಕೋ ಆಗಿದ್ದರೆ, ಒಬ್ಬ ಮನುಷ್ಯನ ಕುರ್ಚಿಯನ್ನು ನಾನೇ ಎಳೆದು ಹಾಕಿದ ಹಾಗೆ. ಊಹೆ ಸರಿಯಾಗಿದ್ದರೆ, ಅದನ್ನು ಯೋಚಿಸಲು ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಅವರ ಮನೆಗೆ ಒಯ್ದೆ. ಅಕ್ಕ ಯಂತ್ರದ ಮುಂದಿದ್ದಳು, ಮಡಿಲಲ್ಲಿ ಯಾವುದೋ ರಾಜನ ಕೆಂಪು ಅಂಗಿ. ಭಾವ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಸಿದುಕೊಂಡರು. ಮೌತ್‌ಪೀಸು ನೋಡಿ ಒಂದು ಕ್ಷಣ ತಡೆದರು. ಕೊರಳಪಟ್ಟಿ ಹಾಕಿಕೊಂಡು ಊದಿದರು.

ಉಸಿರು ಮಾತ್ರ ಬಂತು. ಬಾಗಿಲ ಸಂದಿಯಲ್ಲಿ ನುಗ್ಗುವ ಗಾಳಿಯ ಸದ್ದು. ಮತ್ತೆ ಊದಿದರು. ಎಡಗೆನ್ನೆ ಚೀಲದಂತೆ ಉಬ್ಬಿತು, ಎಡಮೂಲೆಯಿಂದ ಜೊಲ್ಲು ಗಲ್ಲಕ್ಕೆ ಇಳಿಯಿತು. ಮೂರನೆಯ ಸಲ ಕಿರ್ ಎಂದು ಒಂದು ಕೀರಲು. ಎಡಗೈ ಬೆರಳುಗಳು ಕೀಲಿಗಳ ಮೇಲೆ ಹುಡುಕಾಡಿದವು. ಕಿರುಬೆರಳು ಕೀಲಿಯ ಮೇಲಿತ್ತು, ಆದರೆ ಸುಮ್ಮನೆ ಇತ್ತು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ.

"ಏನು ಮಾಡಿದೆ ಇದಕ್ಕೆ?" ಎಂದರು. ಅವರು ನನ್ನ ಮೇಲೆ ದನಿಯೆತ್ತಿದ್ದು ಅದೇ ಮೊದಲು.

"ಏನೂ ಮಾಡಿಲ್ಲ ಭಾವ. ಮೊದಲು ಹೇಗಿತ್ತೋ ಹಾಗಿಟ್ಟಿದೀನಿ. ಇಪ್ಪತ್ತೆರಡು ವರ್ಷ ನೀವು ನುಡಿಸಿದ್ದು ಇದನ್ನೇ."

ಯಂತ್ರ ನಿಂತಿತು. ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಡಿಗೆ ಚುಚ್ಚಿದಳು.

"ಮೊದಲಿನ ಹಾಗೆ ಅಂದ್ರೆ?" ಎಂದಳು.

ನಾನು ಚೀಟಿಗಳನ್ನು ಮಗುಚಿ, ಅವಳ ಮುಂದಿದ್ದ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹೇಗೆ ಹೇಳಿದೆನೋ, ಎಷ್ಟು ತೊದಲಿದೆನೋ ತಿಳಿಯದು. ಅಕ್ಕ ಅಳತೆಯ ಕೆಲಸದವಳು. ಐದನ್ನೂ ಒಮ್ಮೆ ನೋಡಿದಳು, ಅಷ್ಟೇ ಸಾಕಾಯಿತು.

"ರೀ," ಎಂದಳು ಮೆಲ್ಲಗೆ, "ಸೀಟಿ ಹೊಡೀರಿ."

"ಏನು ಹುಚ್ಚು ನಿಂದು?"

"ಕೆಳಗೆ ಬೀದಿಯಿಂದ ಹೊಡೀತಿದ್ರಲ್ಲ, ನಾನು ಬಾಗಿಲು ತೆಗೀಲಿ ಅಂತ. ಆ ಸೀಟಿ. ಹೊಡೀರಿ ಒಂದ್ಸಲ."

ಭಾವ ತುಟಿ ಮುಂದೆ ಮಾಡಿದರು. ಬಲ ಅರ್ಧ ಮುಂದೆ ಬಂತು. ಎಡ ಅರ್ಧ ಇದ್ದಲ್ಲೇ ಇತ್ತು. ಗಾಳಿ ಹೋಯಿತು, ಸದ್ದಿಲ್ಲ.

"ಅದಕ್ಕೇ ಬಾಗಿಲ ಗಂಟೆ ಒತ್ತೋಕೆ ಶುರುಮಾಡಿದ್ದು" ಎಂದಳು ಅಕ್ಕ. ಯಾರಿಗೂ ಹೇಳಿದ್ದಲ್ಲ. "ಎಷ್ಟು ತಿಂಗಳಿಂದ ಗಂಟೆ ಒತ್ತುತ್ತಾ ಇದೀರಿ. ನಾನು, ದೊಡ್ಡ ಮನುಷ್ಯ ಆಗಿಬಿಟ್ರು ಅಂತ ಅಣಕಿಸ್ತಿದ್ದೆ."

ಭಾವ ಕುರ್ಚಿಯಲ್ಲಿ ಕೂತರು. ವಾದ್ಯ ಕೊರಳಲ್ಲೇ ಇತ್ತು.

"ನಿಮಗೆ ಗೊತ್ತಿತ್ತು" ಎಂದೆ.

"ಕನ್ನಡಿ ಮುಂದೆ ನಿಲ್ಲಿಸಿದೋಳು ನೀನೇ ಅಲ್ವೇನೇ" ಎಂದರು. ಕೋಪವಿರಲಿಲ್ಲ. "ಮೈ ಎಷ್ಟು ಸೋತ್ರೂ ಅದಕ್ಕೆ ತಕ್ಕ ಹಾಗೆ ನೀನು ಮಾಡಿಕೊಡ್ತಿದ್ದೆ. ನಿನ್ನ ಕೈ ಇರೋವರೆಗೆ ನಡೆಯುತ್ತೆ ಅಂದ್ಕೊಂಡೆ." ಆಮೇಲೆ, ಬಹಳ ಸಣ್ಣ ದನಿಯಲ್ಲಿ: "ನಾಳೆ ಒಂದು ದಿನಕ್ಕೆ ಮತ್ತೆ ಹಾಗೇ ಮಾಡಿಕೊಡು. ಒಂದೇ ದಿನ. ಆಮೇಲೆ ನೀವು ಹೇಳಿದಲ್ಲಿಗೆ ಬರ್ತೀನಿ."

ನನ್ನ ಚೀಲದಲ್ಲಿ ಸಲಕರಣೆಗಳಿದ್ದವು. ಅರ್ಧ ಗಂಟೆಯ ಕೆಲಸ. ಅವರ ಮುಖ ನೋಡಿ ನನ್ನ ಕೈ ಚೀಲದ ಹತ್ತಿರ ಹೋಯಿತು, ಹೋಗಲಿಲ್ಲ ಎಂದು ಸುಳ್ಳು ಹೇಳಲಾರೆ. ಅಕ್ಕ ಎದ್ದು ಬಂದು ಚೀಲವನ್ನು ತೆಗೆದುಕೊಂಡು ಯಂತ್ರದ ಕೆಳಗೆ ಇಟ್ಟಳು. ಆಮೇಲೆ ಭಾವನ ಕೊರಳಿಂದ ವಾದ್ಯ ಬಿಡಿಸಿ, ಅವರ ಅಂಗಿಯ ತಪ್ಪಿಹೋಗಿದ್ದ ಗುಂಡಿಗಳನ್ನು ಸರಿಯಾಗಿ ಹಾಕತೊಡಗಿದಳು. ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ. ಎಡತೋಳಿನ ತುದಿಯ ಗುಂಡಿಯನ್ನು ಅವರು ಎಷ್ಟು ದಿನದಿಂದ ಹಾಕಿಕೊಂಡಿರಲಿಲ್ಲವೋ.

ಅಂದು ಮಧ್ಯಾಹ್ನವೇ ಆಸ್ಪತ್ರೆಯ ವೈದ್ಯೆ ಅವರಿಗೆ ನಗಲು ಹೇಳಿದರು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದರು, ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿದರು. ಎಡಗೈ ತಾನಾಗಿಯೇ ನಿಧಾನ ಕೆಳಗಿಳಿಯಿತು. ನಾನು ಸಡಿಲ ಮಾಡಿದ ಕೀಲಿಯ ಹಾಗೆ. "ಯಾವಾಗಿನಿಂದ?" ಎಂದು ಅವರು ಕೇಳಿದಾಗ ಭಾವ "ಇತ್ತೀಚೆಗೆ" ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಚೀಟಿಗಳನ್ನು ಕೊಟ್ಟೆ. ಕೊಡುವ ಮುಂಚೆ, ಐದನೆಯದರಲ್ಲಿ ಐದು ಸಾಲಿನ ಕೆಳಗೆ ಆರನೆಯದನ್ನು ಪೆನ್ನಿನಿಂದ ಬರೆದಿದ್ದೆ: ನುಡಿಸುವವರು. ಅದರ ಮುಂದೆ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟಿದ್ದೆ.

ವೈದ್ಯೆ ಐದನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿದರು. ಮುಂದೆ ನೋಡಿದರು, ಹಿಂದೆ ನೋಡಿದರು.

"ಏಳು ತಿಂಗಳು" ಎಂದು ಬರೆದುಕೊಂಡರು. "ಇಷ್ಟು ಸರಿಯಾಗಿ ಯಾರೂ ತಂದುಕೊಡಲ್ಲ. ಬರೆದವರು ಯಾರು?"

"ನಾನೇ" ಎಂದೆ. ಅವರು ಮೆಚ್ಚಿ ತಲೆಯಾಡಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸ್ಕ್ಯಾನಿನಲ್ಲಿ ಕಂಡಿತು, ಎಡಮೈಯನ್ನು ನಡೆಸುವ ಮಿದುಳಿನ ಬಲಭಾಗದಲ್ಲಿ ಒಂದು ಗಡ್ಡೆ. ನಿಧಾನವಾಗಿ ಬೆಳೆದದ್ದು, ಇಷ್ಟು ದಿನ ಜಾಗ ಮಾಡಿಕೊಂಡದ್ದು. ಈಗ ಒತ್ತಡ ಹೆಚ್ಚಾಗಿದೆ, ನಾಳೆ ಶುಕ್ರವಾರವೇ ತೆಗೆಯಬೇಕು ಎಂದರು. ತೆಗೆದ ಮೇಲೆ ಕೈ ಮರಳುತ್ತದೆಯೇ ಎಂದು ಅಕ್ಕ ಕೇಳಿದಳು. "ಮೊದಲು ತೆಗೆಯೋಣ" ಎಂದರು ವೈದ್ಯೆ.

ಶುಕ್ರವಾರ ಹತ್ತು ಗಂಟೆಗೆ ಭಾವ ಮಂಚದ ಮೇಲಿದ್ದರು, ತಲೆ ಬೋಳಿಸಿ, ಬಿಳಿ ಹೊದಿಕೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಸ್ಪ್ರಿಂಗು ಮುಟ್ಟಬೇಡ" ಎಂದರು. "ಗಟ್ಟಿಯಾಗೇ ಇರಲಿ."

ಆಮೇಲೆ ಅವರ ಬೆರಳುಗಳು ಹೊದಿಕೆಯ ಮೇಲೆ ಚಲಿಸತೊಡಗಿದವು. ಆಲಾಪ. ನನಗೆ ಬೆರಳು ನೋಡಿ ಸ್ವರ ಹೇಳಲು ಬರುತ್ತದೆ. ಬಲಗೈ ತಪ್ಪಿಲ್ಲದೆ ನಡೆಯಿತು. ಎಡಗೈ ಅರ್ಧ ಹೆಜ್ಜೆ ಹಿಂದೆ, ಎಳೆದುಕೊಂಡು, ಆದರೂ ಬಂತು. ಒಂದೊಂದು ಸಾಲೂ ಇಳಿದು, ಇಳಿದು, ಕೊನೆಗೆ ತಳದ ಸ್ವರ ಬಂತು. ಎಲ್ಲ ಬೆರಳುಗಳೂ ಒತ್ತಿಕೊಂಡವು. ಎಡಗೈ ಕಿರುಬೆರಳೊಂದು ಮಾತ್ರ ಏಳಲೂ ಇಲ್ಲ, ಒತ್ತಲೂ ಇಲ್ಲ. ಭಾವ ಅದನ್ನೇ ನೋಡುತ್ತಿದ್ದರು. ಕರೆದೊಯ್ಯಲು ದಾದಿಯರು ಬಾಗಿಲಲ್ಲಿ ಬಂದು ನಿಂತಿದ್ದರು.

ಅವರ ಬಲಗೈ ತನ್ನ ಜಾಗ ಬಿಟ್ಟು, ಹೊದಿಕೆಯ ಮೇಲೆ ಸರಿದು ಬಂದು, ಆ ಕಿರುಬೆರಳನ್ನು ಮೇಲಿನಿಂದ ಒತ್ತಿ ಹಿಡಿಯಿತು. ಎಂಟು ಎಣಿಕೆ ಹಿಡಿಯಿತು. ನಾನು ಎಣಿಸಿದೆ.

ಬಲಗೈ ತನ್ನ ಕೀಲಿಗಳನ್ನು ಬಿಟ್ಟರೆ ಆ ಸ್ವರ ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಂಚದ ಚಕ್ರದ ತಡೆಯನ್ನು ಯಾರೋ ಕಾಲಿನಿಂದ ಬಿಡಿಸಿದರು.